ನೂರ ಎಪ್ಪತ್ತೇಳನೇ ಪುಟ

ಅಜ್ಜಿ ಊರಿನವರನ್ನೆಲ್ಲ ಬೇಕರಿಯಲ್ಲಿ ಸೇರಿಸಿ, ಮಾತಾಡುವ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಮಾಯದ ಗಂಟೆ ಕದ್ದವರು ಇಲ್ಲೇ ಇದ್ದಾರೆ. ಅದು ಬೇರೆ ಯಾರೂ ಅಲ್ಲ..." ಎಂದಳು. ಊಟದ ಬಿಡುವಲ್ಲಿ ಓದುತ್ತಿದ್ದ ಅಂಟು ಮಾಮ ಉಸಿರು ಬಿಗಿಹಿಡಿದು ಎದುರಿನ ಪುಟಕ್ಕೆ ಕಣ್ಣು ಹಾಯಿಸಿದ. ಅಲ್ಲಿ, "ಗುಲಾಬಿ ಗಿಡಕ್ಕೆ ತಿಂಗಳಿಗೆ ಎರಡು ಬಾರಿ ಗೊಬ್ಬರ ಹಾಕಬೇಕು" ಎಂದಿತ್ತು.

ಲೈಬ್ರರಿಯ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ಅವನ ಕೆಲಸ. ನಿನ್ನೆ ಎರಡು ಪುಸ್ತಕ ಒಟ್ಟಿಗೇ ಬಿಚ್ಚಿದ್ದ: ಈ ಪತ್ತೇದಾರಿ ಕಾದಂಬರಿ, ಇನ್ನೊಂದು ತೋಟಗಾರಿಕೆಯದು. ಒಂದೇ ಅಳತೆ, ಒಂದೇ ಕಾಗದ. ಕೊನೆಯ ಹದಿನಾರು ಪುಟಗಳ ಕಟ್ಟು ಜೋಡಿಸುವಾಗ ಮಹಾಶಯ ಬರೀ ಪುಟಸಂಖ್ಯೆ ನೋಡಿದ್ದ. ಎರಡೂ ಕಟ್ಟು ನೂರ ಎಪ್ಪತ್ತೇಳರಿಂದಲೇ ಶುರು!

ತೋಟಗಾರಿಕೆ ಪುಸ್ತಕ ಬೆಳಿಗ್ಗೆಯೇ ಲೈಬ್ರೇರಿಯನ್ ಮೇಡಂ ಕೋಣೆ ಸೇರಿತ್ತು. ಹಿಂದೆ ನಿಘಂಟಿಗೆ ತಲೆಕೆಳಗಾಗಿ ರಟ್ಟು ಹಾಕಿದ್ದಕ್ಕೆ ಒಂದು ಎಚ್ಚರಿಕೆ, ಕೆಲಸದ ಹೊತ್ತಲ್ಲಿ ಕತೆ ಓದುತ್ತ ಸಿಕ್ಕಿಬಿದ್ದಿದ್ದಕ್ಕೆ ಇನ್ನೊಂದು ಕೊಟ್ಟು, "ಮೂರನೇ ಸಲ ಸೀದಾ ಮನೆಗೆ" ಎಂದಿದ್ದರು ಮೇಡಂ.

"ಹೋಗಿ ನಿಜ ಹೇಳ್ಬಿಡು," ಎಂದಳು ಟೈಪಿಸ್ಟ್ ಅಕ್ಕ.

"ಕೆಲಸ ಹೋದ್ರೆ ನೀನು ಕೊಡಿಸ್ತೀಯೇನಕ್ಕ?"

"ಸುಮ್ನಿರ್ರಪ್ಪ," ಎಂದ ಅಟೆಂಡರ್. "ನಾನು ಇಲಿ ಇಲಿ ಅಂತ ಕೂಗ್ತೀನಿ. ಮೇಡಂ ಹೆದರಿ ಆಚೆ ಓಡ್ತಾರೆ. ನೀನು ಒಳಗೆ ನುಗ್ಗಿ ಪುಸ್ತಕ ಎತ್ಕೊಂಡ್ ಬಾ."

ಕೂಗಿದ. ಮೇಡಂ ಓಡಿಯೂ ಬಂದರು, ಆದರೆ ಓದುತ್ತಿದ್ದ ಪುಸ್ತಕವನ್ನೇ ಎತ್ತಿ ಹಿಡಿದು! "ಎಲ್ಲಿ, ಎಲ್ಲಿದೆ?" ಎಂದು ಇಲ್ಲದ ಇಲಿಯ ಮೇಲೆ ಬೀಸಿ ಒಗೆದರು. ತೋಟಗಾರಿಕೆ ಪುಸ್ತಕ ಕಪಾಟಿಗೆ ಬಡಿದು, ಬೆನ್ನು ಮುರಿದುಕೊಂಡು, ಅಂಟು ಮಾಮನ ಕಾಲ ಬಳಿಯೇ ಬಿತ್ತು. ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು.

"ಅಯ್ಯೋ, ಬೈಂಡ್ ಬಿಟ್ಟೋಯ್ತು ಮೇಡಂ! ಸಂಜೆಯೊಳಗೆ ಸರಿ ಮಾಡ್ಕೊಡ್ತೀನಿ."

"ಇಲಿ ಎಲ್ರೀ?"

"ಆ ಏಟಿಗೆ ಇನ್ನೆಲ್ಲಿ ಉಳಿಯುತ್ತೆ ಮೇಡಂ!"

ಕಾದಂಬರಿಯ ಮಾಯದ ಗಂಟೆ ಯಾರಾದರೂ ಸುಳ್ಳು ಹೇಳಿದರೆ ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು. ಸದ್ಯ, ಅದು ಈ ಲೈಬ್ರರಿಯಲ್ಲಿಲ್ಲವಲ್ಲ ಎಂದು ಅಂಟು ಮಾಮ ನಿಟ್ಟುಸಿರು ಬಿಟ್ಟ.

ಕಳೆದುಹೋಗಿದ್ದ ಹದಿನಾರು ಪುಟ ಈಗ ಕೈಯಲ್ಲೇ ಇದ್ದವು. ಒಂದೇ ಒಂದು ಸಾಲು ಓದಿದರೆ ಕಳ್ಳ ಸಿಗುತ್ತಿದ್ದ. ಆದರೆ ಇದು ಕೆಲಸದ ಹೊತ್ತು. ಮನೆಗೊಯ್ದು ಕಾಲು ಚಾಚಿ ಓದೋಣ ಎಂದು ಸಾಲುಗಳತ್ತ ಕಣ್ಣು ಹಾಯಿಸದೆ ಹೊಲಿದ. ಎಂದೂ ಇಲ್ಲದ ಶ್ರದ್ಧೆಯಿಂದ ಅಂಟು ಬಳಿಯುತ್ತಿರುವಾಗ ಮೇಡಂ ಬಂದು ನಿಂತರು.

"ಪುಟ ಅದಲುಬದಲಾಗಿದ್ದು ನಂಗೆ ಬೆಳಿಗ್ಗೆನೇ ಗೊತ್ತಾಯ್ತು."

ಅವನು ಬ್ರಷ್ ಬದಲು ಕೈಯನ್ನೇ ಅಂಟಿನ ಡಬ್ಬಿಗೆ ಅದ್ದಿದ.

"ಹೆದರ್ಬೇಡಿ, ಕೆಲಸದಿಂದ ತೆಗೆಯಲ್ಲ. ಗೊಬ್ಬರದ ಮಧ್ಯೆ ಅಂಥಾ ಕತೆ ಸಿಕ್ರೆ ಯಾರು ಬೈತಾರೆ? ಹದಿನಾರು ಪುಟಾನೂ ಓದಿ ಮುಗಿಸ್ದೆ. ಮೊದಲಿಂದ ಓದ್ಬೇಕು, ಆ ಕಾದಂಬರಿ ನಾಳೆ ನಂಗೇ ಕೊಡಿ."

ಹೋದ ಜೀವ ಬಂತು. ಅಂಟು ಮಾಮನ ಕಣ್ಣಲ್ಲಿ ನೀರೇ ಆಡಿತು. ನಾಳೆ ತಾನೇ? ಇವತ್ತು ರಾತ್ರಿ ತನ್ನದೇ!

ಮೇಡಂ ಬಾಗಿಲವರೆಗೆ ಹೋಗಿ ತಿರುಗಿದರು. "ಅಲ್ಲಾರೀ, ಆ ಬೆಕ್ಕನ್ನ ನೋಡಿ! ತಾನೇ ಗಂಟೆ ಕದ್ದು, ಅಜ್ಜಿ ತೊಡೆ ಮೇಲೆ ಹೆಂಗೆ ಕೂತಿತ್ತು!"

ಅಂಟು ಮಾಮನ ಎರಡೂ ಕೈಗೆ ಅಂಟು ಮೆತ್ತಿತ್ತು. ಕಿವಿ ಮುಚ್ಚಿಕೊಳ್ಳಲೂ ಆಗಲಿಲ್ಲ.