ಸಂಗಮೇಶ ಆರಿಸಿ ತಂದ ಮೆಣಸಿನಕಾಯಿ

"ಮೆಣಸಿನಕಾಯಿ ವಿಷಯ ನನಗ ಬಿಡು! ಹಾವೇರಿ ಕಡಿಯಾಂವ ನಾ. ಮೆಣಸಿನಕಾಯಿ ರಾಶಿ ಪಕ್ಕದಾಗ ಹುಟ್ಟೀನಿ!" ಎಂದು ಸಂಗಮೇಶ ಮೀಸೆ ತಿರುವಿದ.

"ಹುಟ್ಟಿದ್ದು ಖರೆ. ಬೆಳದದ್ದು ಹಾಸ್ಟೆಲ್‌ನ್ಯಾಗ," ಎಂದಳು ಹೆಂಡತಿ ಅನ್ನಪೂರ್ಣ.

ಹೆಂಡತಿಯ ಮಾತಿಗೆಲ್ಲ ಕುಗ್ಗುವ ಮೀಸೆಯೇ ಅದು? ಬಿ.ಟಿ.ಎಂ. ಲೇಔಟಿನ ಆ ಬಾಡಿಗೆ ಮನೆಯಲ್ಲಿ ಒಂದು ಮಹಾ ಉದ್ಯಮ ತಲೆ ಎತ್ತುವುದರಲ್ಲಿತ್ತು. ಅನ್ನಪೂರ್ಣ ಶೇಂಗಾ ಚಟ್ನಿ ಪುಡಿ ಮಾರಲು ಹೊರಟಿದ್ದಳು. ಕೆಳಗಿನ ಖಾಲಿ ಅಂಗಡಿಯ ಮೇಲೆ ಅವಳಿಗೆ ಎಂದಿನಿಂದಲೋ ಆಸೆ. ಓನರ್ ಲಕ್ಷ್ಮಮ್ಮ ಮಾತ್ರ ಒಂದು ಷರತ್ತು ಹಾಕಿದ್ದರು.

"ಸ್ಯಾಂಪಲ್ ತಿಂದಾಗ ನನ್ನ ಕಣ್ಣಲ್ಲಿ ನೀರು ಬರ್ಬೇಕು ಕಣಮ್ಮ. ಬಂದ್ರೆ ಅಂಗಡಿ ನಿಂದು. ಇಲ್ಲಾಂದ್ರೆ ಭಾನುವಾರ ಮೊಬೈಲ್ ಕವರ್‌ನೋರು ಬರ್ತಾರೆ. ಆಮೇಲೆ ನನ್ನ ಬೈಕೋಬೇಡ."

ಸಂಗಮೇಶ ಆಫೀಸಿಗೆ ರಜೆ ಹಾಕಿ, ಮಾರ್ಕೆಟ್ಟೆಲ್ಲ ಸುತ್ತಿ, ಕೆಂಪಗೆ ಮಿರಮಿರ ಮಿಂಚುವ ಮೆಣಸಿನಕಾಯಿಯನ್ನು ಒಂದು ಚೀಲ ತುಂಬಿಸಿಕೊಂಡು ಬಂದ. ಅನ್ನಪೂರ್ಣ ಒಂದು ಕಾಯಿ ಮುರಿದು ಮೂಸಿದಳು.

"ಇವು ಬರೇ ಬಣ್ಣದ ಕಾಯಿ ಕಾಣ್ತಾವ್ರೀ."

"ಬಾಯಿ ಮುಚ್ಚು! ಆರಿಸಿದಾಂವ ಯಾರು?"

ಮೊದಲ ಸ್ಯಾಂಪಲ್ ಹೋಯಿತು. "ಏನಮ್ಮ ಇದು? ನನ್ನ ಮೊಮ್ಮಗು ಸಕ್ಕರೆ ನೆಕ್ಕೋ ಹಾಗೆ ನೆಕ್ತಾ ಕೂತಿದೆ!" ಎಂದು ಲಕ್ಷ್ಮಮ್ಮ ಡಬ್ಬಿ ವಾಪಸ್ ಕೊಟ್ಟರು. ಅನ್ನಪೂರ್ಣ ಎರಡು ಪಟ್ಟು ಮೆಣಸಿನಕಾಯಿ ಹಾಕಿ ಮತ್ತೆ ಮಾಡಿದಳು. ಈ ಸಲ ಪುಡಿ ಕುಂಕುಮದ ಬಣ್ಣಕ್ಕೆ ತಿರುಗಿತು, ಖಾರ ಮಾತ್ರ ಪತ್ತೆಯಿಲ್ಲ! ಅವಳು ಒಲೆ ಆರಿಸಿ ಡಬ್ಬಿ ಪಕ್ಕಕ್ಕೆ ತಳ್ಳಿದಳು. ಅವಳ ಸಪ್ಪೆ ಮುಖ ನೋಡಿ ಸಂಗಮೇಶನಿಗೆ ನಿಜಕ್ಕೂ ಸಂಕಟವಾಯಿತು. ಆದರೆ ತಪ್ಪು ಮೆಣಸಿನಕಾಯಿಯದು ಎಂದು ಒಪ್ಪಿಕೊಳ್ಳುವುದುಂಟೆ? ಒಪ್ಪಿದರೆ ಅದನ್ನು ತಂದವನ ಗತಿ?

"ದೃಷ್ಟಿ ಆಗೇತಿ!" ಎಂದು ಘೋಷಿಸಿದ. "ನಿನ್ನ ಏಳಿಗಿ ನೋಡಿ ಯಾರೋ ಕಣ್ಣು ಹಾಕ್ಯಾರ!"

"ಏಳಿಗಿ ಎಲ್ಲೈತ್ರೀ? ಇನ್ನೂ ಒಂದು ಡಬ್ಬಿ ಮಾರಿಲ್ಲ!"

ಸಂಗಮೇಶ ಆಗಲೇ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ ಮೆಟ್ಟಿಲ ಬಳಿ ಇಟ್ಟಾಗಿತ್ತು. ಊದಿ ಊದಿ ಬೆವರು ಬಂತು. ಮಸಿಗೈಯಲ್ಲೇ ಮುಖ ಒರೆಸಿಕೊಂಡ. ಒಂದು ಹಿಡಿ ಮೆಣಸಿನಕಾಯಿಗೆ ಉಪ್ಪು ಸೇರಿಸಿ, "ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು" ಎನ್ನುತ್ತ ಮೊದಲು ಹೆಂಡತಿಗೆ, ಆಮೇಲೆ ಮಿಕ್ಸಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದ.

ಹೊಗೆ ಬಂತು. ಘಾಟು ಬರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ!

"ನೋಡಿದೇನು! ಘಾಟ ಇಲ್ಲ ಅಂದ್ರ ಎಂಥಾ ದೃಷ್ಟಿ ಇರಬೇಕು!" ಎಂದು ಇನ್ನೊಂದು ಹಿಡಿ ಹಾಕಿದ. ಮತ್ತೂ ಒಂದು ಹಿಡಿ ಹಾಕಿದ. ಮೆಣಸಿನಕಾಯಿಗಳು ಸಾಧುಗಳ ಹಾಗೆ ತಣ್ಣಗೆ ಸುಟ್ಟುಹೋದವು.

ಹೊಗೆ ಕಂಡು ಲಕ್ಷ್ಮಮ್ಮ ಕೆಳಗಿನಿಂದ ಓಡಿಬಂದರು. ಸಂಗಮೇಶ ದೃಷ್ಟಿಯ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಅವರು ಎದೆ ಹಿಡಿದುಕೊಂಡರು.

"ಅಯ್ಯಯ್ಯೋ! ಇಷ್ಟು ದೃಷ್ಟಿ ಇರೋರಿಗೆ ಅಂಗಡಿ ಕೊಟ್ರೆ ನಮ್ಮ ಬಿಲ್ಡಿಂಗ್ ಗತಿ ಏನಪ್ಪಾ? ಬೇಡ, ಮೊಬೈಲ್ ಕವರ್‌ನೋರಿಗೇ ಫೋನ್ ಮಾಡ್ತೀನಿ!"

ಸಂಗಮೇಶ ಮೆಣಸಿನಕಾಯಿಯ ಮಾನ ಉಳಿಸಲು ಹೋಗಿ ಅಂಗಡಿಯನ್ನೇ ಕಳೆದಿದ್ದ!

ಅನ್ನಪೂರ್ಣ ಸೆರಗು ಸಿಕ್ಕಿಸಿ ಎದ್ದಳು. "ಆಂಟಿ, ಫೋನ್ ಆಮ್ಯಾಲೆ ಮಾಡ್ರಿ. ನಿಮ್ಮನಿ ಸಾರಿಗೆ ಹಾಕೋ ಮೆಣಸಿನಕಾಯಿ ಒಂದು ಹಿಡಿ ತರ್ರಿ. ನನಗ ನೀವ ನಿವಾಳಿಸಿ ಹಾಕ್ರಿ. ನನಗ ದೃಷ್ಟಿ ಇದ್ರ, ಅವಕ್ಕೂ ಘಾಟು ಬರಬಾರದಲ್ಲ?"

ಲಕ್ಷ್ಮಮ್ಮ ತಂದರು, ನಿವಾಳಿಸಿದರು, ಹಾಕಿದರು.

ಅಬ್ಬಬ್ಬಾ! ಮೊದಲು ಕೆಮ್ಮಿದ್ದು ಸಂಗಮೇಶ. ಆಮೇಲೆ ಲಕ್ಷ್ಮಮ್ಮ. ಆಮೇಲೆ ಮೂರೂ ಮಹಡಿ! ಮೇಲಿನ ಮನೆಯವರು ಮೂಗು ಹಿಡಿದು ಬೀದಿಗೆ ಓಡಿದರು. ಎದುರು ಮನೆಯ ನಾಯಿ ಸೀನಿತು.

"ದೃಷ್ಟಿ... ಖ್ಖೊ... ಇಲ್ಲ ಕಣಮ್ಮ!" ಎಂದರು ಲಕ್ಷ್ಮಮ್ಮ. "ಇದೇ ಕಾಯಲ್ಲಿ... ಖ್ಖೊ... ಇನ್ನೊಂದು ಸಲ ಮಾಡು, ನೋಡೋಣ!"

ಅನ್ನಪೂರ್ಣ ಮೂರನೇ ಸಲ ಬಾಣಲೆ ಏರಿಸಿದಳು. ಖಾರಕ್ಕೆ ಲಕ್ಷ್ಮಮ್ಮನ ಕಾಯಿ, ಬಣ್ಣಕ್ಕೆ ಗಂಡನದು. ಸಂಗಮೇಶ ಮಾತ್ರ ಮೀಸೆ ಮುಟ್ಟಿಕೊಳ್ಳುವ ಧೈರ್ಯವೂ ಇಲ್ಲದೆ ಮೆಟ್ಟಿಲ ಮೇಲೆ ಕೂತಿದ್ದ.

ಬಿಸಿ ಅನ್ನಕ್ಕೆ ತುಪ್ಪ, ಪುಡಿ ಕಲಸಿ ಲಕ್ಷ್ಮಮ್ಮ ಒಂದು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ದಳದಳ ಇಳಿಯಿತು! ಒಂದು ಚೊಂಬು ನೀರು ಕುಡಿದರು. ಕೈ ಮತ್ತೆ ತಟ್ಟೆಗೆ ಹೋಯಿತು. ಉಂಡು ಮುಗಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡು ಅಂಗಡಿಯ ಬೀಗದ ಕೈ ಕೊಟ್ಟರು. ಅನ್ನಪೂರ್ಣಳ ಕಣ್ಣಲ್ಲೂ ನೀರಿತ್ತು. ಅದು ಖಾರದ್ದಲ್ಲ.

"ಸಖತ್ ವ್ಯಾಪಾರ ಆಗುತ್ತೆ ಬಿಡು. ಯಾವುದಕ್ಕೂ ಅಂಗಡಿ ಬಾಗಿಲಿಗೆ ಒಂದು ದೃಷ್ಟಿಗೊಂಬೆ ಕಟ್ಟಿಸಮ್ಮ."

ಅನ್ನಪೂರ್ಣ ಮೆಟ್ಟಿಲ ಕಡೆ ತಿರುಗಿದಳು. ಅಲ್ಲೊಂದು ಮಸಿ ಬಳಿದ ಮುಖ, ಕೆಂಡದಂಥ ಕಣ್ಣು, ನೆಟ್ಟಗೆ ನಿಂತ ಮೀಸೆ.

"ದುಡ್ಡು ಕೊಟ್ಟು ತರೂದ್ಯಾಕ್ರೀ ಆಂಟಿ? ಭಾನುವಾರ ಇವರಿಗೆ ಆಫೀಸ್ ರಜಾ ಐತಿ!"