ಫಿಸಿಕ್ಸಿಗೆ ಹೂ ಕೊಡದ ದೇವರು

ನಾನು ಓದಿದ ಊರಿನ ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮಾಸ್ತರರು. ನಿನಗೆ ಯಾವ ವಿಷಯ ಬೇಕು ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮಾಸ್ತರರಿಗೆ ಬರುತ್ತಿದ್ದದ್ದೇ ವಿಷಯ. ಏಳನೆಯ ಇಯತ್ತೆ ಮುಗಿಯಿತು, ಮದುವೆಯಾಯಿತು, ಅಲ್ಲಿಯೂ ಯಾರೂ ಕೇಳಲಿಲ್ಲ. ಆದ್ದರಿಂದ ಮೊಮ್ಮಕ್ಕಳೇ, ನಾನು ಇಷ್ಟು ವರ್ಷ ಆರಿಸಿದ್ದು ಬದನೆಕಾಯಿ ಮಾತ್ರ. ಕೆನಡಾದ ಈ ಮಿಸಿಸಾಗ ಊರಿನ ಅಂಗಡಿಯಲ್ಲಿ ಅದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿರುತ್ತಾರೆ, ಒತ್ತಿ ನೋಡುವಂತಿಲ್ಲ. ಇಂಥ ನನ್ನನ್ನು ನಿಮ್ಮ ಅಕ್ಕ ನೇಹಾಳ ವಿಷಯ ಆರಿಸಲು ಕೂರಿಸಿದರು ಎಂದರೆ, ಮನೆ ಯಾವ ಸ್ಥಿತಿಗೆ ಬಂದಿತ್ತೆಂದು ನೀವೇ ಊಹಿಸಿಕೊಳ್ಳಿ.

ಇದು ಹೋದ ಚಳಿಗಾಲದ ಮಾತು, ನೀವು ನಿಮ್ಮ ಮನೆಯಲ್ಲಿದ್ದಿರಿ. ನಿಮ್ಮ ಅಜ್ಜ ತೀರಿಕೊಂಡು ವರ್ಷ ಕಳೆದಿತ್ತು. ಹೊರಗೆ ಹಿಮ, ಒಳಗೆ ಅದಕ್ಕಿಂತ ತಣ್ಣಗೆ. ಹತ್ತನೆಯ ಕ್ಲಾಸಿನ ಮಕ್ಕಳು ಮುಂದಿನ ಎರಡು ವರ್ಷಕ್ಕೆ ಏನು ಓದುತ್ತೇವೆಂದು ಆ ಚಳಿಗಾಲದಲ್ಲೇ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು, ಮನೆಯವರು ಒಪ್ಪಬೇಕು. ನೇಹಾ ಫಿಸಿಕ್ಸ್ ಬಿಟ್ಟಿದ್ದಳು. ಅದರ ಜಾಗಕ್ಕೆ ಪ್ರಪಂಚದ ಧರ್ಮಗಳು ಎಂಬ ವಿಷಯ ತೆಗೆದುಕೊಂಡಿದ್ದಳು. ಫಿಸಿಕ್ಸ್ ಇಲ್ಲದಿದ್ದರೆ ಎಂಜಿನಿಯರಿಂಗಿನ ಬಾಗಿಲು ಮುಚ್ಚಿದಂತೆ. ನನ್ನ ಮಗ ಪ್ರಕಾಶನಿಗೆ ಮಗಳು ಎಂಜಿನಿಯರ್ ಆಗಬೇಕೆಂಬುದು ಅವಳು ಹುಟ್ಟಿದ ದಿನದ ಆಸೆ.

“ಧರ್ಮ ಕಲಿಯಾಕ ಸಾಲಿಗೆ ಹೋಗಬೇಕೇನ? ಮನ್ಯಾಗ ನಿಮ್ಮಜ್ಜಿ ಇಲ್ಲೇನು?” ಎಂದ.

“ಡ್ಯಾಡಿ, ಅಜ್ಜಿಗೆ ಒಂದೇ ಗೊತ್ತು. ನಂಗೆ ಎಲ್ಲಾರ್ದೂ ಬೇಕು. ಫ್ಯೂನರಲ್ ಡೈರೆಕ್ಟರ್ ಆದ್ರೆ ಎಲ್ಲಾರೂ ಬರ್ತಾರಲ್ಲ.”

ಫ್ಯೂನರಲ್ ಡೈರೆಕ್ಟರ್ ಎಂದರೆ ಇಲ್ಲಿ ಸತ್ತವರನ್ನು ತೊಳೆದು, ಉಡಿಸಿ, ಕೊನೆಯ ಸಂಸ್ಕಾರ ನಡೆಸಿಕೊಡುವವರು. ಎಲ್ಲರೂ ಬರುತ್ತಾರೆ ಎಂಬುದು ನಿಜವೇ. ಆದರೆ ಊಟಕ್ಕೆ ಕೂತಾಗ ಹೇಳುವ ಮಾತಲ್ಲ. ನನ್ನ ಸೊಸೆ ಸುಜಾತಾ ಸಾರಿನ ಸೌಟನ್ನು ಹಾಗೆಯೇ ಹಿಡಿದು ನಿಂತಳು. ಪ್ರಕಾಶ ತಾಟು ಸರಿಸಿ ಎದ್ದ. “ಹೆಣ ತೊಳಿಯಾಕ ಕೆನಡಾಕ್ಕ ಬರಬೇಕಿತ್ತೇನ ನಾವು?” ಎಂದವನು ಆಮೇಲೆ ಎರಡು ವಾರ ಅವಳೊಂದಿಗೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದ. ನಾನು ಉಪ್ಪು ದಾಟಿಸುತ್ತ, ತಲೆ ತಗ್ಗಿಸಿ ಉಣ್ಣುತ್ತಿದ್ದೆ. ನಾಲ್ವರು ಕೂತಿರುವಲ್ಲಿ ಬಾಯಿ ತೆರೆದು ಗೊತ್ತಿಲ್ಲದವಳು ನಾನು.

ಕೊನೆಗೆ ಒಂದು ಭಾನುವಾರ ಅವನೇ ಬಂದ. “ಅವ್ವಾ, ನೀ ದೇವರಿಗೆ ಹೂ ಏರಿಸಿ ಕೇಳಿಬಿಡು.”

ಹೂ ಕೇಳುವುದೆಂದರೆ ಒದ್ದೆ ಮಾಡಿದ ಸೇವಂತಿಗೆಯನ್ನು ಮನೆದೇವರ ಎರಡೂ ಭುಜಕ್ಕೆ ಅಂಟಿಸಿ ಕಾಯುವುದು. ಬಲದ್ದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಈ ಮನೆಗೆ ಬಂದಾಗಿನಿಂದ ಕಾರು ಕೊಂಡದ್ದು, ಪ್ರಕಾಶ ನೌಕರಿ ಬದಲಿಸಿದ್ದು, ಬೇಸ್‌ಮೆಂಟು ಬಾಡಿಗೆಗೆ ಕೊಟ್ಟದ್ದು ಎಲ್ಲವೂ ಹೂವಿನಿಂದಲೇ. ಪ್ರತಿ ಸಲವೂ ಬಲಕ್ಕೇ ಬಿದ್ದಿತ್ತು. ನಮ್ಮ ದೇವರು ಕೆನಡಾಕ್ಕೆ ಬಂದ ಮೇಲೆ ಬಹಳ ಉದಾರಿಯಾಗಿದ್ದಾನೆ ಎಂದು ನಾನು ಊರಿಗೆ ಫೋನಿನಲ್ಲಿ ಹೇಳಿಯೂ ಇದ್ದೆ.

“ಫಿಸಿಕ್ಸ್ ತಗೋಬೇಕಂದ್ರ ಬಲಕ್ಕ ಕೊಡಪ್ಪಾ” ಎಂದು ಪ್ರಕಾಶ ಕೈಮುಗಿದ. ಅವನ ಮಾತು ಮುಗಿಯುವ ಮೊದಲೇ ಬಲದ ಹೂವು ನಡುಗಿತು.

“ವೇಟ್” ಎಂದಳು ನೇಹಾ. ಟಿಶ್ಯೂ ಕಾಗದದ ಒಂದು ಎಳೆಯನ್ನು ದೇವರ ಬಲಗಡೆ ಹಿಡಿದಳು. ಅದು ಬಾವುಟದಂತೆ ಹಾರಿತು. “ಅಜ್ಜಿ, ಕೆಳಗೆ ನೋಡು. ಹೀಟಿಂಗ್ ವೆಂಟ್ ಇದೆ. ಬಿಸಿ ಗಾಳಿ ಮೇಲೆ ಬರುತ್ತೆ, ಹೂ ಒಣಗತ್ತೆ, ಬೀಳತ್ತೆ. ಗಾಡ್ ಅಲ್ಲ, ಫರ್ನೆಸ್ಸು.”

ಪ್ರಕಾಶ ಎರಡು ವಾರದ ಮೌನ ಮುರಿದ. “ನೋಡು, ಇಷ್ಟ್ ಚಲೋ ಫಿಸಿಕ್ಸ್ ಬರ್ತದ. ಮತ್ತ ಬ್ಯಾಡ ಅಂತೀ.”

ನೇಹಾ ಬಗ್ಗಿ ವೆಂಟಿನ ಬಾಯಿ ಮುಚ್ಚಿದಳು. ನಾನು ಹೊಸ ಹೂ ಏರಿಸಿದೆ. ನಾಲ್ವರೂ ಕೂತೆವು. ಕೋಣೆ ತಣ್ಣಗಾಯಿತು. ಸುಜಾತಾ ಶಾಲು ತಂದುಕೊಂಡಳು. ಹೂವು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ದೇವರೂ ನನ್ನ ಹಾಗೆಯೇ, ನಾಲ್ವರ ಎದುರು ಬಾಯಿ ಬಿಡಲು ಸಂಕೋಚಪಡುತ್ತಾನೆ ಎಂದುಕೊಂಡೆ. ಅವನು ಹೇಳದಿದ್ದರೆ ಇನ್ನು ಯಾರು ಹೇಳಬೇಕು?

“ಪ್ರಕಾಶಾ, ನಿಮ್ಮಪ್ಪಗ ಕೊನೀಗೆ ರುಮಾಲು ಸುತ್ತಿದವರು ಯಾರೋ?” ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಆ ದಿನ ಫ್ಯೂನರಲ್ ಹೋಮಿನಲ್ಲಿ ಕಪ್ಪು ಕೋಟಿನ ಹೆಂಗಸೊಬ್ಬಳು ನಿಮ್ಮ ಅಜ್ಜನ ಮೀಸೆ ಬಾಚಿದ್ದಳು, ಧೋತರ ಉಡಿಸಲು ನನ್ನನ್ನು ಸನ್ನೆಯಿಂದಲೇ ಕೇಳಿ ಕಲಿತಿದ್ದಳು. ರುಮಾಲು ಮಾತ್ರ ಅವಳಿಗೆ ಆಗಲಿಲ್ಲ, ನನಗೂ ಸುತ್ತಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಜ್ಜ ರುಮಾಲು ಸುತ್ತುವಾಗ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದವಳು ನೇಹಾ. ಅವಳೇ ಮುಂದೆ ಬಂದು, ಅವರು ಸುತ್ತುತ್ತಿದ್ದ ಹಾಗೆಯೇ, ಬಲಗಿವಿಯ ಮೇಲೆ ಸ್ವಲ್ಪ ಇಳಿಸಿ ಸುತ್ತಿದಳು. ಪ್ರಕಾಶ ಹೊರಗೆ ಕಾರಿನಲ್ಲಿ ಕೂತಿದ್ದ. ನೋಡಲಾರದೆ ಕೂತಿದ್ದ. ದಹನದ ಒಲೆಯ ಬಟನ್ ಒತ್ತುವ ಹೊತ್ತಿಗಷ್ಟೇ ಒಳಗೆ ಬಂದ.

“ನನಗ ಒಳಗ ಬರಾಕ ಆಗಲಿಲ್ಲ ಅವ್ವಾ” ಎಂದ ಪ್ರಕಾಶ.

“ತಪ್ಪಲ್ಲ ಬಿಡು. ಆದ್ರ ಒಳಗ ಬರಾಕ ಆದವರಿಗೆ ಯಾಕ ಬ್ಯಾಡ ಅಂತೀ?”

ಅವನು ಎದ್ದು ಹೋದ. ಕಂಪ್ಯೂಟರ್ ತೆರೆದು ಮಗಳ ಪಟ್ಟಿಗೆ ಒಪ್ಪಿಗೆ ಕೊಟ್ಟ. ಸಿಟ್ಟು ಇಳಿದಿತ್ತೆಂದು ಹೇಳಲಾರೆ. ರಾತ್ರಿ ಊಟಕ್ಕೆ ಕೂತಾಗ ಉಪ್ಪನ್ನು ಮಾತ್ರ ಮಗಳನ್ನೇ ಕೇಳಿ ಪಡೆದ. ಹೂವು ಮರುದಿನವೂ ಅಲ್ಲೇ ಇತ್ತು. ನಾನೇ ತೆಗೆದೆ.

ಆದರೆ ಬಾಯಿ ತೆರೆದದ್ದಕ್ಕೆ ನನಗೆ ದಂಡ ಬಿದ್ದಿದೆ. ಮೊನ್ನೆ ನೇಹಾ ಪಕ್ಕದಲ್ಲಿ ಕೂತು, ತಿಂಡಿಗೆ ಏನು ಎಂದು ಕೇಳುವಷ್ಟು ಸಲೀಸಾಗಿ, “ಅಜ್ಜಿ, ನಿಂಗೆ ಯಾವ ಸೀರೆ?” ಎಂದಳು. ಹಸಿರು ಇಳಕಲ್ ಎಂದೆ. ಬದನೆಕಾಯಿಯ ನಂತರ ನಾನು ಆರಿಸಿದ್ದು ಅದೊಂದೇ. ನಿರಿಗೆಯನ್ನು ನೀನೇ ಹಿಡಿಯಬೇಕು, ಗುರುತಿಲ್ಲದವರು ಬೇಡ ಎಂದೂ ಹೇಳಿದೆ. ಆಮೇಲೆ ಹೊಳೆಯಿತು: ಇವಳ ಹೈಸ್ಕೂಲು ಮುಗಿದು, ಕಾಲೇಜು ಮುಗಿದು, ಲೈಸೆನ್ಸು ಕೈಗೆ ಬರುವ ತನಕ ನಾನು ಸಾಯುವಂತಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನಾನೂ ಬೇಗ ಹೋಗಿಬಿಡೋಣ ಎಂದುಕೊಂಡಿದ್ದವಳು ಈಗ ಬಿಪಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತೇನೆ, ಹಿಮ ಬಿದ್ದ ದಿನ ಮಾಲಿನೊಳಗೆ ನಡೆಯುತ್ತೇನೆ. ಕಳೆದ ಸಲ ಅವಳು ಬಯಾಲಜಿ ಪರೀಕ್ಷೆಯೊಂದರಲ್ಲಿ ನಪಾಸಾಗಿ ಬಂದಾಗ ಅವಳಪ್ಪ ಸುಮ್ಮನಿದ್ದ, ಅವಳ ತಾಯಿಯೂ ಸುಮ್ಮನಿದ್ದಳು. ಗದರಿಸಿ ಓದಲು ಕೂರಿಸಿದವಳು ನಾನು. ಅವಳು ಒಂದು ವರ್ಷ ಹಿಂದೆ ಬಿದ್ದರೆ, ಇನ್ನೊಂದು ಚಳಿಗಾಲ ಎಳೆಯಬೇಕಾದವಳು ನಾನಲ್ಲವೇ.