ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ

ತಪ್ಪು ನನ್ನದೇ. ಡ್ರೋನಿನದಲ್ಲ, ಗಾಳಿಯದಲ್ಲ, ಪಾಪ, ಕೊಟ್ರೇಶನದಂತೂ ಅಲ್ಲವೇ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಿರೆಂಬ ಹೆಮ್ಮೆ ನಿಮಗೆ ಬೇಡ!

ನಾನು ಪೈಲಟ್. ನಗಬೇಡಿ, ಸರ್ಟಿಫಿಕೇಟು ಇದೆ. ಔಷಧಿ ಹೊಡೆಯುವ ಡ್ರೋನ್ ಹಾರಿಸುತ್ತೇನೆ. ಕೊಟ್ಟೂರಿನಿಂದ ಉಜ್ಜಿನಿವರೆಗೆ ಯಾರ ಮೆಕ್ಕೆಜೋಳಕ್ಕೆ ಹುಳ ಬಿದ್ದರೂ ಫೋನು ನನಗೇ. ವಿಮಾನದ ಪೈಲಟ್ಟಿಗೂ ನನಗೂ ಒಂದೇ ವ್ಯತ್ಯಾಸ. ವಿಮಾನ ಬಿದ್ದರೆ ಅವನೂ ಒಳಗಿರುತ್ತಾನೆ. ನಾನು ಬೇವಿನ ನೆರಳಲ್ಲಿರುತ್ತೇನೆ.

ತರಬೇತಿಯಲ್ಲಿ ನಮ್ಮ ಮೇಷ್ಟ್ರು ಒಂದು ಶಿಸ್ತು ಕಲಿಸಿದ್ದರು: ಹಾರಿಸುವ ಮೊದಲು ಒಬ್ಬ ಕೇಳಬೇಕು, ಇನ್ನೊಬ್ಬ ಕಣ್ಣಾರೆ ನೋಡಿ ಉತ್ತರಿಸಬೇಕು. ಕೇಳುವವನು ನಾನು, ನೋಡುವವನು ಜೊತೆಗಾರ ಕೊಟ್ರೇಶ. ಆದರೆ ಕಂಡವರ ದನಿಯನ್ನು ಅಣಕಿಸಿ ಆಡುವುದು ನನಗೆ ಹುಟ್ಟಿನಿಂದ ಬಂದ ರೋಗ. ಮೇಷ್ಟ್ರ ಮೂಗಿನ ದನಿಯಂತೂ ನನ್ನ ಮೂಗಿಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮೊದಮೊದಲು ಮೇಷ್ಟ್ರಾಗಿ ನಾನು ಕೇಳುತ್ತಿದ್ದೆ, ಕೊಟ್ರೇಶ ಓಡಾಡಿ ನೋಡುತ್ತಿದ್ದ. ಬರಬರುತ್ತಾ ಕೊಟ್ರೇಶನ ದನಿಯೂ ಬಂತು! ಅವನು ಬಾಯಿ ತೆರೆಯುವ ಮೊದಲೇ ಅವನ ಉತ್ತರವನ್ನೂ ನಾನೇ ಕೊಡತೊಡಗಿದೆ. ಅವನಿಗೆ ನಗುವುದೊಂದೇ ಕೆಲಸ ಉಳಿಯಿತು.

ಅವತ್ತು ಮರುಳಪ್ಪ ಮಾವನ ಹೊಲ. ಬದುವಿನಾಚೆ ಗಂಗಮ್ಮತ್ತೆಯ ಹಿಪ್ಪುನೇರಳೆ ತೋಟ. ಆಕೆ ಸಾಕಿದ ರೇಷ್ಮೆ ಹುಳಗಳು ಇನ್ನೇನು ಹಣ್ಣಾಗಿ ಗೂಡು ಕಟ್ಟಲಿದ್ದವು. ಮೆಕ್ಕೆಜೋಳದ ಹುಳ ಕೊಲ್ಲುವ ಔಷಧಿಗೆ ರೇಷ್ಮೆ ಹುಳದ ಪರಿಚಯ ಇರುವುದಿಲ್ಲ.

ಮಾವನ ಮನರಂಜನೆಗೆಂದು ಶುರು ಮಾಡಿದೆ.

“ಏನಪಾ, ಬ್ಯಾಟ್ರಿ ನೋಡಿದೇನು?” ಇದು ಮೇಷ್ಟ್ರು.

“ನೋಡೀನ್ರಿ ಸರ!” ಇದು ಕೊಟ್ರೇಶ.

“ಗಾಳಿ?”

“ಇಲ್ರೀ ಸರ, ಎಲಿ ಸೈತ ಅಳ್ಳಾಡವಲ್ದು!”

“ಪಕ್ಕದ ಹೊಲದೋರಿಗೆ ಹೇಳಿದೇನು?”

“ಹೇಳೀನ್ರಿ, ಅವರ ಮನ್ಯಾಗ ಚಾನೂ ಕುಡುದು ಬಂದೀನ್ರಿ!”

ಮಾವ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕೂತ. ಕೊಟ್ರೇಶ ಕಣ್ಣೊರೆಸಿಕೊಂಡ. ಗಾಳಿಯನ್ನು ಯಾರೂ ನೋಡಲಿಲ್ಲ. ಗಂಗಮ್ಮತ್ತೆಗೆ ಯಾರೂ ಹೇಳಲಿಲ್ಲ.

ಔಷಧಿ ಹೊಡೆದು ಡ್ರೋನ್ ಇಳಿದ ಮೇಲೆ ಕೊಟ್ರೇಶ ಮೂಗರಳಿಸಿದ. “ಲೇ, ಔಷಧಿ ವಾಸ್ನಿ ಆ ಕಡಿ ಹೊಂಟೈತಲ್ಲೋ. ಅಲ್ಲಿ ಅತ್ತಿ ತ್ವಾಟ ಐತಿ. ಸೊಪ್ಪು ಕೊಯ್ಯಬ್ಯಾಡ ಅಂತ ಹೇಳಿ ಬರೂನೇನು?”

ನಾನು ಗಗನಸಖಿಯ ದನಿ ತೆಗೆದೆ. “ಮಾನ್ಯ ಪ್ರಯಾಣಿಕರೇ, ಗಾಬರಿಗೆ ಕಾರಣವಿಲ್ಲ. ಮಂಡಕ್ಕಿ ಮಿರ್ಚಿ ನಿಮಗಾಗಿ ಕಾದಿವೆ!”

ಹೋಗಿ ತಿಂದೆವು. ರುಚಿಯಾಗಿಯೇ ಇತ್ತು.

ಸಂಜೆ ಗಂಗಮ್ಮತ್ತೆ ಅದೇ ಬದುವಿನ ಸಾಲಿನಿಂದ ಸೊಪ್ಪು ಕೊಯ್ದು ಹುಳಗಳಿಗೆ ಹಾಕಿದ್ದಾಳೆ. ಬೆಳಗ್ಗೆ ನಮಗೆ ಕರೆ ಬಂತು.

ಹುಳುಮನೆಯಲ್ಲಿ ಬೆರಳು ಗಾತ್ರದ ಹುಳಗಳು ತಲೆ ಎತ್ತಿ ಹಸಿರು ಕಕ್ಕುತ್ತಿದ್ದವು. ಕಕ್ಕಿದವು ಸುಮ್ಮನಾಗುತ್ತಿದ್ದವು. ಸಾವಿರಾರು ಬಾಯಿ ಸೊಪ್ಪು ಮೆಲ್ಲುವ ಸರಸರ ಸದ್ದು ಆ ಮನೆಯಲ್ಲಿ ಸದಾ ಇರುತ್ತಿತ್ತು. ನನಗೆ ಅನುಕರಿಸಲು ಬಾರದ ಸದ್ದು ಅದೊಂದೇ. ಅದು ನಿಂತಿತ್ತು.

ನನ್ನ ಗಂಟಲಲ್ಲಿ ಊರಿನ ಅರ್ಧ ಜನ ವಾಸವಿದ್ದಾರೆ. ಒಬ್ಬರೂ ಹೊರಗೆ ಬರಲಿಲ್ಲ! ಕಡೆಗೆ ನಾನೇ ತೊದಲಿದೆ. “ಅತ್ತೀ... ಒಂದೀಟು ಮೈಮರ್ತೆ.”

ಆಕೆ ಸತ್ತ ಹುಳಗಳನ್ನು ಪುಟ್ಟಿಗೆ ಬಳಿಯುತ್ತಲೇ ಅಂದಳು.

“ಇವು ಹಣ್ಣಾಗೋ ಹೊತ್ತಂತ ನಾ ಕಣ್ಣಿಗೆ ನಿದ್ದಿ ಹತ್ತಗೊಟ್ಟಿಲ್ಲ. ನೀ ಹಗಲಾಗ, ನಿಂತಕಂಡು ನಿದ್ದಿ ಮಾಡೀಯಲ್ಲೋ ಪೈಲಟಪ್ಪಾ.”